ಇರುವೆ ಬಿಟ್ಟುಕೊಳ್ಳುವ ಶಾಸ್ತ್ರ

‘ಇರಲಾರದೆ ಇರುವೆ ಬಿಟ್ಕೊಂಡ’ ಎಂಬ ಗಾದೆಯನ್ನು ನಮ್ಮವರು ಇಷ್ಟು ಕಾಲವೂ ಬೈಯುವುದಕ್ಕೆ ಬಳಸಿಕೊಂಡು ಬಂದಿದ್ದಾರೆ. ಇದು ಗಾದೆಗೆ ಆಗಿರುವ ಅನ್ಯಾಯ. ನಾನು ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೇನೆ. ಸಂಬಳ ಬರುತ್ತದೆ, ಪಿಎಫ್ ಕೂಡ ಹಿಡಿಯುತ್ತಾರೆ. ಕಂಪನಿಯ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ನೆಮ್ಮದಿಯಾಗಿರುವಾಗ ನಡುವೆ ಬಾಯಿ ಹಾಕುವುದು, ಒಂದರ ಉತ್ತರವನ್ನು ಇನ್ನೊಂದಕ್ಕೆ ತಡಮಾಡಿ ತಲುಪಿಸುವುದು, ಕೆಲವನ್ನು ತಲುಪಿಸದೇ ಇರುವುದು, ಆಮೇಲೆ ಏನಾಗುತ್ತದೆಂದು ಕಾಫಿ ಕುಡಿಯುತ್ತಾ ನೋಡುವುದು, ಇವು ನನ್ನ ಹುದ್ದೆಯ ಕರ್ತವ್ಯಗಳು. ಇದಕ್ಕೆ ಕೇಯಾಸ್ ಎಂಜಿನಿಯರಿಂಗ್ ಎಂಬ ಹೆಸರಿದೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ರೆಸಿಲಿಯನ್ಸ್ ಆರ್ಕಿಟೆಕ್ಟ್’ ಎಂದಿದೆ. ಇರುವೆ ಎಂಬ ಶಬ್ದ ಬರದ ಹಾಗೆ ಎಚ್‌ಆರ್‌ನವರು ನೋಡಿಕೊಂಡಿದ್ದಾರೆ.

ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋಗಿದ್ದೆ. ಎಣ್ಣೆಸ್ನಾನ ಆಗಿ, ಎರಡನೇ ಸುತ್ತು ಕಜ್ಜಾಯವೂ ಆದ ಮೇಲೆ ಮಾವ ಕೇಳಿದರು: “ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ಕಂಪನಿಯಲ್ಲಿ ನಿಮ್ಮ ಕೆಲಸ ನಿಜವಾಗಿ ಏನು?”

“ನೆಟ್‌ವರ್ಕಲ್ಲಿ ತೊಂದರೆ ಕೊಡೋದು ಮಾವ.”

“ತೊಂದರೆ ಸರಿಮಾಡೋದು ಅನ್ನಿ.”

“ಇಲ್ಲ, ಕೊಡೋದು. ಸರಿಮಾಡೋಕೆ ಬೇರೆ ಟೀಮ್ ಇದೆ.”

ಮಾವ ತಾಲ್ಲೂಕು ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ಕೂತು ನಿವೃತ್ತರಾದವರು. ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ತಿರುಗಿ, “ನಮ್ಮ ಡಿಪಾರ್ಟ್‌ಮೆಂಟಿನ ಥರಾನೇ ಕಣೇ, ಸಂಬಳ ಮಾತ್ರ ಜಾಸ್ತಿ” ಎಂದು ಅತ್ತೆಗೆ ಸಮಾಧಾನ ಹೇಳಿದರು. ಈ ಶಾಸ್ತ್ರವನ್ನು ಇಷ್ಟು ಬೇಗ ಗ್ರಹಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಇದರ ಅಗತ್ಯ ಯಾಕೆ ಬಿತ್ತೆಂದು ಹೊಸಬರಿಗಾಗಿ ಹೇಳಬೇಕು. ಹಿಂದೆ ಒಂದು ಕಂಪನಿಗೆ ಒಂದು ದೊಡ್ಡ ಪ್ರೋಗ್ರಾಮ್ ಇರುತ್ತಿತ್ತು. ಕೆಟ್ಟರೆ ಇಡಿಯಾಗಿ ಕೆಡುತ್ತಿತ್ತು, ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತಿತ್ತು, ಒಬ್ಬನನ್ನು ಬೈದರೆ ಸಾಕಾಗುತ್ತಿತ್ತು. ಆಮೇಲೆ ಆ ಅವಿಭಕ್ತ ಕುಟುಂಬವನ್ನು ಪಾಲು ಮಾಡಿ ಮೈಕ್ರೋಸರ್ವಿಸ್ ಎಂಬ ಬಿಡಿ ಸಂಸಾರಗಳನ್ನು ಹೂಡಿದರು. ಲಾಗಿನ್ ನೋಡಿಕೊಳ್ಳುವುದು ಒಂದು, ಬೆಲೆ ಹೇಳುವುದು ಇನ್ನೊಂದು, ರಿಯಾಯಿತಿ ಲೆಕ್ಕ ಹಾಕುವುದು ಮತ್ತೊಂದು, ಎಸ್ಸೆಮ್ಮೆಸ್ ಕಳಿಸುವುದಕ್ಕೇ ಬೇರೊಂದು. ಅಡುಗೆಮನೆಯಿಂದ ನಡುಮನೆಗೆ ಕೂಗಿದರೆ ಆಗುತ್ತಿದ್ದ ಮಾತಿಗೆ ಈಗ ಫೋನ್ ಮಾಡಬೇಕು. ಫೋನೆಂದ ಮೇಲೆ ಸಿಗ್ನಲ್ ಇರಬೇಕು, ಆ ಕಡೆಯವರು ಎತ್ತಬೇಕು, ಎತ್ತಿದವರಿಗೆ ಕೇಳಿಸಬೇಕು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಪೀಟರ್ ಡಾಯ್ಚ್, ಇಂಥ ವ್ಯವಸ್ಥೆ ಕಟ್ಟುವವರು ನಂಬಿ ಕೆಡುವ ಭ್ರಮೆಗಳನ್ನು 1994ರ ಹೊತ್ತಿಗೇ ಪಟ್ಟಿ ಮಾಡಿಟ್ಟಿದ್ದರು. ಮೊದಲನೆಯದು, ನೆಟ್‌ವರ್ಕ್ ನಂಬಿಗಸ್ತ ಎಂಬುದು. ಎರಡನೆಯದು, ಮಾತು ಹೋಗಿಬರಲು ಹೊತ್ತೇ ಹಿಡಿಯುವುದಿಲ್ಲ ಎಂಬುದು. ನಮ್ಮ ವೃತ್ತಿಯವರ ಮನೆಯ ಇಎಂಐ ಈ ಎರಡರ ಮೇಲೇ ನಿಂತಿದೆ.

ಮೂಲಪುರುಷ ಅಮೆರಿಕದವನು, ಮತ್ತು ಮಂಗ. 2008ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯ ಡೇಟಾಬೇಸ್ ಕೆಟ್ಟು ಮೂರು ದಿನ ಗಿರಾಕಿಗಳಿಗೆ ಡಿವಿಡಿ ಕಳಿಸಲಾಗಲಿಲ್ಲ. ಆಗಿನ್ನೂ ಅವರು ಸಿನಿಮಾವನ್ನು ಲಕೋಟೆಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಪೆಟ್ಟು ತಿಂದ ಕಂಪನಿ ಸ್ವಂತ ಮನೆ ಬಿಟ್ಟು ಅಮೆಜಾನ್‌ನ ಬಾಡಿಗೆ ಯಂತ್ರಗಳಿಗೆ ಹೊರಟಿತು. ಬಾಡಿಗೆ ಯಂತ್ರ ಯಾವ ಗಳಿಗೆಯಲ್ಲಿ ಬೇಕಾದರೂ ಕಾಣೆಯಾಗಬಹುದು. ಅದಕ್ಕೆ ಅಭ್ಯಾಸವಾಗಲಿ ಎಂದು ಕೇಯಾಸ್ ಮಂಕಿ ಎಂಬ ಪ್ರೋಗ್ರಾಮನ್ನು ಸಾಕಿಕೊಂಡರು. ಅದರ ಕೆಲಸ, ಗಿರಾಕಿಗಳು ಬಳಸುತ್ತಿರುವ ಯಂತ್ರಗಳಲ್ಲೇ ಯಾವುದೋ ಒಂದನ್ನು ಆರಿಸಿ ಆರಿಸಿಬಿಡುವುದು. ‘ಮಂಗನ ಕೈಗೆ ಮಾಣಿಕ್ಯ’ ಎಂಬುದು ಬೈಗುಳವಲ್ಲ, ಕಾರ್ಯಯೋಜನೆ ಎಂದು ಮೊದಲು ತಿಳಿದುಕೊಂಡವರು ಅವರೇ. ಮಂಗಕ್ಕೊಂದು ಶಿಸ್ತೂ ಇತ್ತು: ಎಂಜಿನಿಯರುಗಳು ಕುರ್ಚಿಯಲ್ಲಿ ಕೂತಿರುವ ಕಚೇರಿ ವೇಳೆಯಲ್ಲಿ ಮಾತ್ರ ಅದರ ಚೇಷ್ಟೆ. ರಾತ್ರಿ ಮೂರಕ್ಕೆ ಎಬ್ಬಿಸುವ ಹಕ್ಕನ್ನು ಅದು ನಿಜವಾದ ವಿಪತ್ತುಗಳಿಗೇ ಬಿಟ್ಟುಕೊಟ್ಟಿತ್ತು. 2011ರ ಹೊತ್ತಿಗೆ ಸಂತಾನ ಬೆಳೆದು ದಂಡಾಯಿತು. ಒಂದಿಡೀ ಡೇಟಾ ಕೇಂದ್ರ ವಲಯವನ್ನೇ ಬೀಳಿಸುವುದು ಕೇಯಾಸ್ ಗೊರಿಲ್ಲಾ. ಯಾವುದನ್ನೂ ಬೀಳಿಸದೆ, ಸರ್ವಿಸುಗಳ ನಡುವಿನ ಮಾತಿಗೆ ಸುಮ್ಮನೆ ವಿಳಂಬ ಬೆರೆಸುವುದು ಲೇಟೆನ್ಸಿ ಮಂಕಿ. ಆಯುಧಪೂಜೆಯ ದಿನ ನಾನು ಕುಂಕುಮ ಇಡುವುದು ಈ ಕೊನೆಯದಕ್ಕೆ.

ಯಾಕೆಂದರೆ ಕೊಲ್ಲುವುದರಲ್ಲಿ ವಿದ್ಯೆಯಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೊದಲ ದಿನವೇ ಸರ್ವಿಸುಗಳನ್ನು ಕೊಲ್ಲಲು ಹೊರಡುತ್ತಾರೆ, ಕೂರಿಸಿ ತಿಳಿಹೇಳಬೇಕಾಗುತ್ತದೆ. ಸತ್ತ ಸರ್ವಿಸು ಪ್ರಾಮಾಣಿಕ. ಕರೆದ ಕೂಡಲೇ ಇಲ್ಲ ಎನ್ನುತ್ತದೆ, ಕೇಳಿದವನು ಬೇರೆ ದಾರಿ ನೋಡಿಕೊಳ್ಳುತ್ತಾನೆ. ಸಂಸಾರ ಹಾಳುಮಾಡುವುದು ಬದುಕಿದ್ದೂ ತಡಮಾಡುವುದು. ಮದುವೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಬರುವುದಿಲ್ಲ ಎಂದವರ ಎಲೆಗೆ ಇನ್ನೊಬ್ಬರು ಕೂರುತ್ತಾರೆ. “ಬಂದೇಬಿಟ್ಟೆ, ಸಿಲ್ಕ್ ಬೋರ್ಡ್ ಹತ್ರ ಇದೀನಿ” ಎಂದವರ ಎಲೆ? ಅದರ ಮುಂದಿನ ಕುರ್ಚಿಗೆ ಕರ್ಚೀಫು ಹಾಕಿ ಕಾಯಬೇಕು. ಇಂಥವರು ಇಪ್ಪತ್ತು ಜನ ಆದರೆಂದರೆ ಪಂಕ್ತಿಯೇ ನಿಂತಿತು. ಬಡಿಸುವವರು ಸಾರಿನ ಬಕೆಟ್ಟು ಹಿಡಿದು ನಿಂತಲ್ಲೇ ನಿಲ್ಲುತ್ತಾರೆ, ಹಪ್ಪಳ ಮೆತ್ತಗಾಗುತ್ತದೆ, ಮುಂದಿನ ಪಂಕ್ತಿಯವರು ಬಾಗಿಲ ಹೊರಗಿಂದ ತಳ್ಳುತ್ತಾರೆ, ಮೂರು ಗಂಟೆಗೆ ಹಾಲ್ ಖಾಲಿ ಮಾಡಿ ಎಂದು ಛತ್ರದವನು ಬರುತ್ತಾನೆ. ಸಿಲ್ಕ್ ಬೋರ್ಡಿನಲ್ಲಿರುವವರಿಗೆ ಇದೊಂದೂ ಗೊತ್ತಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಒಂದು ಸರ್ವಿಸಿನಲ್ಲಿ 200 ಎಲೆ ಇವೆ ಎನ್ನಿ. ನಮ್ಮ ಭಾಷೆಯಲ್ಲಿ ಥ್ರೆಡ್ಡು. ಒಬ್ಬೊಬ್ಬರ ಊಟ 50 ಮಿಲಿಸೆಕೆಂಡಿನಲ್ಲಿ ಮುಗಿದರೆ ಸೆಕೆಂಡಿಗೆ 4,000 ಜನ ಉಂಡೇಳುತ್ತಾರೆ. ನಾನು ಅದರ ಹಿಂದಿನ ಒಂದು ಸರ್ವಿಸಿಗೆ ಏಳು ಸೆಕೆಂಡು ವಿಳಂಬ ಸೇರಿಸಿದೆನೋ, 28. ಯಾರನ್ನೂ ಕೊಂದಿಲ್ಲ, ಒಂದು ಯಂತ್ರವೂ ನಿಂತಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ದೀಪವೂ ಹಸಿರು. ಇದರ ಮೇಲೆ ರೀಟ್ರೈ ಎಂಬ ಸದ್ಗುಣವಿದೆ. ಉತ್ತರ ಬಾರದಿದ್ದರೆ ಒಟ್ಟು ಮೂರು ಸಲ ಕೇಳು ಎಂದು ಪ್ರತಿ ಸರ್ವಿಸಿಗೂ ಅದನ್ನು ಬರೆದವನು ಒಳ್ಳೆಯ ಬುದ್ಧಿ ಕಲಿಸಿರುತ್ತಾನೆ. ಹೀಗೆ ಕಲಿತವು ಮೂರು ಒಂದರ ಹಿಂದೊಂದು ನಿಂತರೆ, ಮೇಲೆ ಒಬ್ಬ ಗಿರಾಕಿ ಒಂದು ಸಲ ಗುಂಡಿ ಒತ್ತಿದ್ದಕ್ಕೆ ತಳದಲ್ಲಿರುವ ಮಂದಗತಿಯ ಬಡಪಾಯಿಯ ಬಾಗಿಲನ್ನು 27 ಸಲ ಬಡಿಯುತ್ತಾರೆ. ಬಿದ್ದವನನ್ನು ಎಬ್ಬಿಸಲು ಹೋಗಿ ತುಳಿಯುವುದು ಎಂದು ನಮ್ಮ ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯವಿದೆ.

ಪರಿಹಾರಗಳಿಲ್ಲವೆಂದಲ್ಲ. ಮೈಕೆಲ್ ನೈಗಾರ್ಡ್ 2007ರ ತಮ್ಮ ಪುಸ್ತಕದಲ್ಲಿ ಸರ್ಕ್ಯೂಟ್ ಬ್ರೇಕರ್ ಎಂಬ ಉಪಾಯವನ್ನು ಜನಪ್ರಿಯಗೊಳಿಸಿದರು. ಒಂದು ಸರ್ವಿಸು ಪದೇಪದೇ ಕೈಕೊಟ್ಟರೆ ಅದರ ಜತೆ ಮಾತು ಬಿಡುವುದು, ಸ್ವಲ್ಪ ಕಾಲ ಕಳೆದ ಮೇಲೆ ಒಂದೇ ಒಂದು ವಿನಂತಿಯನ್ನು ಕಳಿಸಿ ಸಿಟ್ಟು ಇಳಿದಿದೆಯೇ ನೋಡಿಬರುವುದು, ಇಳಿದಿದ್ದರೆ ಮತ್ತೆ ಒಂದಾಗುವುದು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ‘ಠೂ ಬಿಡುವುದು’ ಎಂಬ ಹೆಸರಿನಲ್ಲಿ ಮಕ್ಕಳು ಗುರುಗಳ ಸಹಾಯವಿಲ್ಲದೆ ಕಲಿಯುತ್ತಾರೆ. ಇನ್ನೊಂದು ಫಾಲ್‌ಬ್ಯಾಕ್. ನಿಮಗಾಗಿಯೇ ಆರಿಸಿದ ಸಿನಿಮಾಗಳ ಪಟ್ಟಿ ಸಿಗದಿದ್ದರೆ, ಊರಿಗೆಲ್ಲ ತೋರಿಸುವ ಪಟ್ಟಿಯನ್ನೇ ನಿಮಗೂ ತೋರಿಸಿ ಸುಮ್ಮನಾಗುವುದು. ಪಲ್ಯ ಮುಗಿದ ದರ್ಶಿನಿಯವನು ಖಾಲಿ ದೋಸೆ ಕೊಡುತ್ತಾನೆ, ಅಂಗಡಿ ಮುಚ್ಚುವುದಿಲ್ಲ, ತತ್ತ್ವ ಅಷ್ಟೇ.

ಈಗ ಕೈಕೆಲಸದ ವಿಚಾರ. ವಿಳಂಬ ಬೆರೆಸುವುದು ಹೇಗೆ? ಹಿಂದೆ ಯಂತ್ರದೊಳಕ್ಕೇ ಹೋಗಿ ಲಿನಕ್ಸಿಗೆ ಆಜ್ಞೆ ಕೊಡಬೇಕಿತ್ತು. 2017ರಲ್ಲಿ ಗೂಗಲ್, ಐಬಿಎಂ, ಲಿಫ್ಟ್ ಕಂಪನಿಗಳು ಸೇರಿ ಇಸ್ಟಿಯೋ ಎಂಬುದನ್ನು ಹೊರತಂದ ಮೇಲೆ ಇದು ಕುಳಿತಲ್ಲೇ ಮಾಡುವ ಕಸುಬಾಯಿತು. ಪ್ರತಿ ಸರ್ವಿಸಿನ ಪಕ್ಕದಲ್ಲೂ ಎನ್ವಾಯ್ ಎಂಬ ದಲ್ಲಾಳಿಯನ್ನು ಕೂರಿಸುತ್ತಾರೆ. ಹೋಗುವ ಮಾತು, ಬರುವ ಮಾತು ಎಲ್ಲವೂ ಆತನ ಮೂಲಕವೇ. ಎರಡು ಸರ್ವಿಸುಗಳು ತಾವು ನೇರವಾಗಿ ಮಾತಾಡುತ್ತಿದ್ದೇವೆಂದೇ ತಿಳಿದಿರುತ್ತವೆ. ದಲ್ಲಾಳಿಯ ಕಿವಿಯಲ್ಲಿ ನಾವು ಹತ್ತು ಸಾಲಿನ ಚೀಟಿ ಊದಿದರೆ ಸಾಕು: ಇಂಥ ದಾರಿಯಲ್ಲಿ ನೂರಕ್ಕೆ ಇಷ್ಟು ಮಾತುಗಳನ್ನು ಇಷ್ಟು ಸೆಕೆಂಡು ತಡೆಹಿಡಿ, ಅಥವಾ ಆ ಕಡೆಗೆ ಕಳಿಸಲೇಬೇಡ, ನೀನೇ 500 ಎಂಬ ದೋಷಸಂಖ್ಯೆ ಕೊಟ್ಟು ವಾಪಸ್ ಕಳಿಸು. ಮದುವೆ ದಲ್ಲಾಳಿಗಳು ಈ ಎರಡನ್ನೂ ಚೀಟಿಯಿಲ್ಲದೆ ಮಾಡುತ್ತಾರೆ.

ಇಸ್ಟಿಯೋದವರು ಕಲಿಯುವವರಿಗೆಂದು ಬುಕ್‌ಇನ್ಫೋ ಎಂಬ ಪುಟ್ಟ ಮಾದರಿ ಕೊಟ್ಟಿದ್ದಾರೆ. ಒಂದೇ ಒಂದು ಪುಸ್ತಕದ ವಿವರ ತೋರಿಸುವ ಒಂದೇ ಒಂದು ಪುಟ. ಅದಕ್ಕೆ ನಾಲ್ಕು ಸರ್ವಿಸು, ನಾಲ್ಕು ಭಾಷೆ: ಪುಟ ಕಟ್ಟುವುದು ಪೈಥಾನ್, ವಿವರ ಹೇಳುವುದು ರೂಬಿ, ವಿಮರ್ಶೆ ಕೊಡುವುದು ಜಾವಾ, ನಕ್ಷತ್ರ ಎಣಿಸುವುದು ನೋಡ್. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದಲ್ಲಿ ಇದ್ದವರಿಗೆ ಇದು ಹೊಸತೆನಿಸದು. ಪುಸ್ತಕ ಯಾವುದೆಂದರೆ ಶೇಕ್ಸ್‌ಪಿಯರನ ‘ದಿ ಕಾಮಿಡಿ ಆಫ್ ಎರರ್ಸ್’. ನಮ್ಮ ಕ್ಷೇತ್ರದಲ್ಲಿ ಹಾಸ್ಯಕ್ಕೆ ಅವಕಾಶವಿಲ್ಲವಾದ್ದರಿಂದ ಇದು ಕಾಕತಾಳೀಯವೆಂದೇ ತಿಳಿಯತಕ್ಕದ್ದು.

ಪ್ರಯೋಗ ಹೀಗೆ. ಜೇಸನ್ ಎಂಬ ಹೆಸರಿನಲ್ಲಿ ಲಾಗಿನ್ ಆದವನಿಗೆ ಮಾತ್ರ, ನಕ್ಷತ್ರ ಎಣಿಸುವವನ ಉತ್ತರವನ್ನು ಏಳು ಸೆಕೆಂಡು ತಡಮಾಡಿ. ವಿಮರ್ಶೆಯವನು ನಕ್ಷತ್ರದವನಿಗಾಗಿ ಹತ್ತು ಸೆಕೆಂಡು ಕಾಯುವ ತಾಳ್ಮೆಯಿರುವವನು. ಏಳು ಹತ್ತಕ್ಕಿಂತ ಕಡಿಮೆ. ಆದ್ದರಿಂದ ವಿಮರ್ಶೆ ನಿಧಾನವಾಗಿಯಾದರೂ ಬರಲೇಬೇಕು. ಬರುವುದಿಲ್ಲ. ಆರು ಸೆಕೆಂಡಾಗುತ್ತಲೇ ‘ಕ್ಷಮಿಸಿ, ವಿಮರ್ಶೆಗಳು ಸದ್ಯಕ್ಕೆ ಲಭ್ಯವಿಲ್ಲ’ ಎಂಬ ಅರ್ಥದ ಸಾಲು ಕಾಣುತ್ತದೆ. ನೋಡಿದರೆ, ಪುಟ ಕಟ್ಟುವವನು ವಿಮರ್ಶೆಯವನಿಗಾಗಿ ಕಾಯುವುದು ಮೂರೇ ಸೆಕೆಂಡು. ಇನ್ನೊಂದು ಸಲ ಕೇಳಿ ಇನ್ನೊಂದು ಮೂರು ಸೆಕೆಂಡು. ಆಮೇಲೆ ಎದ್ದು ಹೋಗುತ್ತಾನೆ. ವಿಮರ್ಶೆಯವನು ಒಳಗೆ ಇನ್ನೂ ನಿಷ್ಠೆಯಿಂದ ಕಾಯುತ್ತಾ ಕೂತಿದ್ದಾನೆ, ತನ್ನನ್ನು ಕೇಳಿದವನೇ ಮನೆಯಲ್ಲಿಲ್ಲ. ಹತ್ತು ಎಂದು ಬರೆದವನು ತಪ್ಪು ಮಾಡಿಲ್ಲ, ಮೂರು ಎಂದು ಬರೆದವನೂ ಮಾಡಿಲ್ಲ. ಇಬ್ಬರೂ ಒಂದೇ ಸೂರಿನಡಿ ಇದ್ದು ಆ ಬಗ್ಗೆ ಮಾತಾಡಿಕೊಂಡಿಲ್ಲ, ಅಷ್ಟೇ. ಇದನ್ನು ಕಂಡುಹಿಡಿಯಲು ನನ್ನಂಥ ಹೊರಗಿನವನು ಬಂದು ಏಳು ಸೆಕೆಂಡು ಸುಮ್ಮನಿರಬೇಕಾಗುತ್ತದೆ. ಏಳಕ್ಕಿಂತ ಹೆಚ್ಚು ಸುಮ್ಮನಿರುವುದಕ್ಕೆ ಬೇರೆ ದರ.

ಈ ವಿಚಾರದಲ್ಲಿ ಕರ್ನಾಟಕದ ಸ್ವತಂತ್ರ ಕೊಡುಗೆಯೊಂದನ್ನು ಜಗತ್ತಿನ ವಿದ್ವಾಂಸರು ಗಮನಿಸಿದಂತಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಕೇರಿಗಳ ಬಾಗಿಲುಗಳ ಮೇಲೆ, ಬೆಂಗಳೂರಿನ ವಠಾರಗಳಲ್ಲಿ ಕೂಡ, ಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ಬಡಿಯುತ್ತದೆ, ತೆರೆದವರು ಉಳಿಯುವುದಿಲ್ಲ, ಆದರೆ ದೆವ್ವಕ್ಕೆ ಓದು ಬರುತ್ತದಾದ್ದರಿಂದ ಬರಹ ಕಂಡು ಮರಳಿ, ಮಾತಿಗೆ ತಪ್ಪದೆ ಮಾರನೆಯ ರಾತ್ರಿ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ಜನ ಇದನ್ನು ಮೂಢನಂಬಿಕೆ ಎಂದು ನಕ್ಕು ಸುಣ್ಣ ಬಳಿದುಬಿಟ್ಟರು. ಎಚ್‌ಟಿಟಿಪಿ ನಿಯಮಾವಳಿಯನ್ನು ಓದಿದವರು ನಗುವುದಿಲ್ಲ. ಸರ್ವಿಸಿಗೆ ತಾಳಲಾರದಷ್ಟು ಕೆಲಸ ಬಿದ್ದಾಗ 503 ಎಂಬ ಸಂಖ್ಯೆ ಕೊಟ್ಟು, ಜತೆಗೆ ‘ರೀಟ್ರೈ ಆಫ್ಟರ್’ ಎಂಬ ಸಾಲಿನಲ್ಲಿ ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ತಿಳಿಸುವ ಕ್ರಮ ಅದರಲ್ಲಿದೆ. ನಮ್ಮ ಬಾಗಿಲುಗಳ ಮೇಲಿದ್ದದ್ದು ಅದೇ, ಅವಧಿ 86,400 ಸೆಕೆಂಡು. ವಿನಂತಿ ಒಳಗೆ ಬರುವ ಮುಂಚೆಯೇ, ಮನೆಯವರ ನಿದ್ದೆ ಕೆಡದಂತೆ, ಹೊಸ್ತಿಲಲ್ಲೇ ಉತ್ತರ. ದೆವ್ವದ ಕಡೆಯ ಲೋಪವೆಂದರೆ ಎಷ್ಟು ಸಲ ಬರಬೇಕೆಂಬ ಮಿತಿ ಇಲ್ಲದ್ದು. ಠೂ ಬಿಡುವ ಬುದ್ಧಿ ಅದಕ್ಕೆ ಬರಲೇ ಇಲ್ಲ. ಆದರೂ ನಾನು ಕಂಡ ಎಷ್ಟೋ ಪ್ರೋಗ್ರಾಮುಗಳಿಗಿಂತ ಅದು ಸಭ್ಯ. ದಿನಕ್ಕೆ ಒಂದೇ ಸಲ ಬರುತ್ತಿತ್ತು.

ಈ ವಿದ್ಯೆಯ ಮೇಲೆ ಆಕ್ಷೇಪಗಳೂ ಇವೆ. ಇಷ್ಟೆಲ್ಲ ಅಭ್ಯಾಸ ಮಾಡಿದವರೂ ಬೀಳುತ್ತಾರಲ್ಲ ಎನ್ನುತ್ತಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ತಾಸು ಮಲಗಿದವು. ಆ ಕಂಪನಿ ‘ಸ್ಟಾರ್ಮ್’ ಎಂಬ ಹೆಸರಿನಲ್ಲಿ ಬಿರುಗಾಳಿಯ ಕವಾಯತುಗಳನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿತ್ತು. ಡೇಟಾ ಕೇಂದ್ರಗಳನ್ನೆಲ್ಲ ಜೋಡಿಸುವ ಬೆನ್ನೆಲುಬೇ ಕಳಚಿಬಿದ್ದರೆ ಎಂಬುದನ್ನು ಮಾತ್ರ ಮಾಡಿ ನೋಡಿರಲಿಲ್ಲವೆಂದು ಆಮೇಲೆ ಅವರೇ ಬರೆದುಕೊಂಡರು. ಇದು ಸೋಲಲ್ಲ. ಸಿಲಬಸ್ಸಿನ ಹೊರಗಿಂದ ಪ್ರಶ್ನೆ ಬಂದಿತ್ತು. ನಮ್ಮ ಪರೀಕ್ಷಾ ಮಂಡಳಿಯಾಗಿದ್ದರೆ ಗ್ರೇಸ್ ಮಾರ್ಕ್ಸ್ ಕೊಡುತ್ತಿತ್ತು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಉಗ್ರಾಣ ಸುಮಾರು ನಾಲ್ಕು ತಾಸು ಕೆಟ್ಟು ನಿಂತದ್ದನ್ನೂ ಎತ್ತಿ ಆಡುತ್ತಾರೆ. ಆಜ್ಞೆಯೊಂದನ್ನು ತಪ್ಪಾಗಿ ಟೈಪ್ ಮಾಡಿ, ಕೆಲವು ಯಂತ್ರಗಳನ್ನು ತೆಗೆಯುವ ಬದಲು ಬಹಳಷ್ಟನ್ನು ತೆಗೆದುಬಿಟ್ಟಿದ್ದರು. ನನಗೆ ಅದರಲ್ಲಿ ಮೆಚ್ಚುಗೆಯಾದ ಭಾಗ ಬೇರೆ. ಯಾವ ಸರ್ವಿಸು ಕೆಟ್ಟಿದೆಯೆಂದು ಊರಿಗೆ ತಿಳಿಸುವ ಸ್ಥಿತಿಫಲಕವನ್ನು ಬದಲಿಸುವ ವ್ಯವಸ್ಥೆಯೂ ಎಸ್3 ಮೇಲೇ ನಿಂತಿತ್ತು. ಹಾಗಾಗಿ ಎಸ್3 ಕೆಟ್ಟಿದ್ದರಿಂದ, ಎಸ್3 ಕೆಟ್ಟಿದೆ ಎಂದು ಫಲಕದಲ್ಲಿ ಗುರುತು ಹಾಕಲು ಆಗಲಿಲ್ಲ. ಇಂಥ ಸೌಂದರ್ಯವನ್ನು ಕೃತಕವಾಗಿ ಸೃಷ್ಟಿಸಲು ನಾನು ಹಲವು ಸಲ ಯತ್ನಿಸಿ ಸೋತಿದ್ದೇನೆ.

ಕೆಲವೊಮ್ಮೆ ಜನರೇ ನಮ್ಮ ಕೆಲಸವನ್ನು ಪುಕ್ಕಟೆ ಮಾಡಿಕೊಡುವುದುಂಟು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ನ್ಯೂಜಿಲೆಂಡಿನ ಎದುರು ಆಡುವಾಗ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತ್ತು. ಧೋನಿ ರನೌಟಾದರು. ನೋಡುವವರು ಕಡಿಮೆಯಾದರೆ ಸರ್ವರಿಗೆ ಬಿಡುವು ಸಿಗುತ್ತದೆಂದು ಸಾಮಾನ್ಯರು ತಿಳಿಯುತ್ತಾರೆ. ಹಾಗಲ್ಲ. ಮನಸ್ಸು ಮುರಿದವರು ಆ್ಯಪ್ ಮುಚ್ಚುವುದಿಲ್ಲ, ಬ್ಯಾಕ್ ಗುಂಡಿ ಒತ್ತುತ್ತಾರೆ. ಆಗ ತೆರೆದುಕೊಳ್ಳುವುದು ಮುಖಪುಟ. ಅದಕ್ಕೆ ಸಿನಿಮಾ ಪಟ್ಟಿ ಬೇಕು, ಶಿಫಾರಸು ಬೇಕು, ನೀವು ಅರ್ಧಕ್ಕೆ ಬಿಟ್ಟ ಧಾರಾವಾಹಿ ಬೇಕು. ವಿಡಿಯೋ ಒಂದನ್ನೇ ಹರಿಸುತ್ತಿದ್ದಾಗ ಆರಾಮವಾಗಿದ್ದ ಸರ್ವಿಸುಗಳ ಬಾಗಿಲಿಗೆ ಇಡೀ ದೇಶದ ದುಃಖ ಒಮ್ಮೆಗೇ ಬಂದು ನಿಲ್ಲುತ್ತದೆ. ಔಟಾಗುವುದಕ್ಕೂ ಸಿದ್ಧತೆ ಬೇಕೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ.

ಇನ್ನು ನನ್ನದೇ ಒಂದು ಪ್ರಯೋಗವನ್ನು ದಾಖಲಿಸಿ ಮುಗಿಸುತ್ತೇನೆ. ಕಂಪನಿಯ ಹೆಸರು ಬೇಡ. ಬಿಲ್ಲು ಕಟ್ಟುವ ಆ್ಯಪ್ ಎಂದಷ್ಟೇ ತಿಳಿಯಿರಿ. ಅಮೆಜಾನ್‌ನಲ್ಲಿ ಗೇಮ್ ಡೇ ಎಂಬ ಪದ್ಧತಿ ಹಾಕಿಕೊಟ್ಟ ಜೆಸ್ಸಿ ರಾಬಿನ್ಸ್ ಅಗ್ನಿಶಾಮಕ ತರಬೇತಿ ಪಡೆದವರು. ಬೆಂಕಿ ಬೀಳುವ ಮೊದಲೇ ಓಡಿ ಅಭ್ಯಾಸವಾಗಿರಬೇಕು ಎಂಬುದು ಅವರ ದಾರಿ. ನಾವೂ ಒಂದು ಗೇಮ್ ಡೇ ಗೊತ್ತುಮಾಡಿದೆವು. ತಿಂಗಳ ಮೊದಲ ವಾರ ಸಂಬಳ ಮತ್ತು ಇಎಂಐ, ಆದ್ದರಿಂದ ಬೇಡ. ಕೊನೆಯ ವಾರ ಲೆಕ್ಕಪತ್ರ. ಸೋಮವಾರ ಮೀಟಿಂಗು, ಶುಕ್ರವಾರ ಕೈಯಿಟ್ಟರೆ ಶನಿವಾರ ಹಾಳು. ಉಳಿದದ್ದು ಬುಧವಾರ, ಅದರಲ್ಲಿ ಹನ್ನೆರಡರಿಂದ ಒಂದೂವರೆ ರಾಹುಕಾಲ ಎಂದು ಹೈದರಾಬಾದಿನ ಟೀಮಿನವರು ನೆನಪಿಸಿದರು. ಮೂರರಿಂದ ಮೂರೂವರೆ ಎಂದಾಯಿತು. ಎರಡು ವಾರ ಮುಂಚೆ ಎಲ್ಲರಿಗೂ ಮೇಲ್ ಹೋಯಿತು, ಅನಿರೀಕ್ಷಿತ ಆಘಾತವು ಬುಧವಾರ 3 ಗಂಟೆಗೆ ನಡೆಯಲಿದೆ, ಎಲ್ಲರೂ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡಿರತಕ್ಕದ್ದು.

ಹಾನಿಯ ವ್ಯಾಪ್ತಿಯನ್ನು ಮಿತಿಯಲ್ಲಿಡಬೇಕು ಎಂಬುದು ಶಾಸ್ತ್ರದ ಮುಖ್ಯ ನಿಯಮ. ನಾನು ನೂರಕ್ಕೆ ಹತ್ತು ಗಿರಾಕಿಗಳೆಂದೆ. ಪ್ರಾಡಕ್ಟ್‌ನವರು ಒಂದು ಎಂದರು. ಲೀಗಲ್‌ನವರು ಗಿರಾಕಿ ಯಾಕೆ, ನಮ್ಮ ನೌಕರರೇ ಸಾಕೆಂದರು. ಎಚ್‌ಆರ್‌ನವರು ನೌಕರರ ಮನೋಬಲದ ಪ್ರಶ್ನೆ ಎತ್ತಿದರು. ಕೊನೆಗೆ, ಯಾರೂ ಬಳಸದ ಸ್ಟೇಜಿಂಗ್ ಯಂತ್ರಗಳಲ್ಲಿ, ಇಲ್ಲದ ಒಬ್ಬ ಗಿರಾಕಿಯನ್ನು ಸೃಷ್ಟಿಸಿ, ಅವನೊಬ್ಬನಿಗೇ ಏಳು ಸೆಕೆಂಡು ವಿಳಂಬ ಕೊಡುವುದೆಂದು ತೀರ್ಮಾನವಾಯಿತು. ಅವನಿಗೆ ಮಂಜು ಎಂದು ಹೆಸರಿಟ್ಟೆವು. ಬುಧವಾರ ಮಂಜು ಏಳು ಸೆಕೆಂಡು ಕಾದ. ವ್ಯವಸ್ಥೆ ತಡೆದುಕೊಂಡಿತು. ಕೇಕ್ ಕತ್ತರಿಸಿದೆವು.

ಚೀಟಿಯಲ್ಲಿ ಗಿರಾಕಿಯ ಹೆಸರನ್ನು ಹೇಳಲು ಎರಡು ಮುಖ್ಯ ಬಗೆಗಳಿವೆ. ‘ಎಕ್ಸಾಕ್ಟ್’ ಎಂದು ಬರೆದರೆ ಹೆಸರು ಅಕ್ಷರಶಃ ಅದೇ ಆಗಿರಬೇಕು. ‘ಪ್ರಿಫಿಕ್ಸ್’ ಎಂದು ಬರೆದರೆ ಆ ಅಕ್ಷರಗಳಿಂದ ಶುರುವಾಗುವವರೆಲ್ಲರೂ ಸೇರುತ್ತಾರೆ. ನಾನು ಎರಡನೆಯದನ್ನು ಬರೆದಿದ್ದೆ. ಸ್ಟೇಜಿಂಗಿನಲ್ಲಿ ಇದ್ದವನು ಒಬ್ಬನೇ ಮಂಜುವಾದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಯಶಸ್ವಿಯಾಗಿದೆ ಎಂಬ ಕಾರಣಕ್ಕೆ ಆ ಫೋಲ್ಡರನ್ನು ಯಾರೋ ಇಡಿಯಾಗಿ ಎತ್ತಿ ಪ್ರೊಡಕ್ಷನ್ನಿಗೆ ಹಾಕಿದರು, ನಿಜವಾದ ಗಿರಾಕಿಗಳಿರುವ ಜಾಗಕ್ಕೆ. ಅಂದು ಸಂಜೆಯಿಂದ ಮಂಜುನಾಥರು, ಮಂಜುಳೆಯರು, ಮಂಜುಶ್ರೀಯರು, ಮಂಜೇಗೌಡರಲ್ಲಿ ‘ಯು’ ಹಾಕಿ ಬರೆಯುವವರು, ಎಲ್ಲರಿಗೂ ಬಿಲ್ಲು ಕಟ್ಟಲು ಏಳು ಸೆಕೆಂಡು ಹೆಚ್ಚಿಗೆ ಹಿಡಿಯತೊಡಗಿತು. ಕರ್ನಾಟಕದಲ್ಲಿ ಇವರು ಎಷ್ಟು ಜನ ಇದ್ದಾರೆಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಮೂರು ವಾರ ಇದು ನಡೆಯಿತು. ಒಂದು ದೂರೂ ದಾಖಲಾಗಲಿಲ್ಲ. ಡ್ಯಾಶ್‌ಬೋರ್ಡು ತೋರಿಸುವುದು ಸರಾಸರಿ. ಮಿಕ್ಕವರ ವೇಗದಲ್ಲಿ ಮಂಜುಗಳ ನಿಧಾನ ಕರಗಿಹೋಗಿತ್ತು. ಗಿರಾಕಿಗಳ ಕಡೆ ಏನಾಗಿತ್ತೆಂದು ಆಮೇಲೆ ಕಾಲ್ ಸೆಂಟರಿನವರನ್ನು ಕೇಳಿ ತಿಳಿದೆ. ಕೆಲವರು ಫೋನನ್ನು ಕಿಟಕಿಯ ಕಡೆ ಹಿಡಿದಿದ್ದರು. ಕೆಲವರು ಏರೋಪ್ಲೇನ್ ಮೋಡಿಗೆ ಹಾಕಿ ತೆಗೆದಿದ್ದರು. ಒಬ್ಬರು ಮಾತ್ರ ಕರೆ ಮಾಡಿ, ಅವರಿಗೆ “ನಿಮ್ಮ ನೆಟ್‌ವರ್ಕ್ ಚೆಕ್ ಮಾಡ್ಕೊಳಿ ಸರ್” ಎಂದಿದ್ದಕ್ಕೆ, ತಾವೇ ಕ್ಷಮೆ ಕೇಳಿ ಇಟ್ಟಿದ್ದರು. ರೇಷನ್ ಅಂಗಡಿಯಲ್ಲಿ, ನೋಂದಣಿ ಕಚೇರಿಯಲ್ಲಿ ‘ಸರ್ವರ್ ಡೌನ್’ ಎಂಬ ಎರಡು ಪದ ಕೇಳಿ ಮನೆಗೆ ಮರಳಿ, ಮಾರನೆಯ ದಿನ ಮತ್ತೆ ರಜೆ ಹಾಕಿ ಬಂದು ಪಳಗಿದ ಪ್ರಜೆಗಳಿಗೆ ಏಳು ಸೆಕೆಂಡು ಎಂಬುದು ಅಳತೆಗೇ ಸಿಗುವ ಮೊತ್ತವಲ್ಲ. ನಮ್ಮ ಪಠ್ಯ ಹೇಳುವುದು, ದೋಷವನ್ನು ಸೇರಿಸಿದ ಮೇಲೂ ಸ್ಥಿರಸ್ಥಿತಿ ಕದಲದಿದ್ದರೆ ವ್ಯವಸ್ಥೆ ಗಟ್ಟಿಯಾಗಿದೆ ಎಂದರ್ಥ. ಸ್ಥಿರಸ್ಥಿತಿ ಕದಲಿರಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದು, ಚೀಟಿಯನ್ನು ಒಂದು ಮಂಗಳವಾರ ಸದ್ದಿಲ್ಲದೆ ತೆಗೆದೆ.

ಆ ರಾತ್ರಿ ಮಾವನ ಫೋನ್ ಬಂತು.

“ಅಳಿಯಂದ್ರೇ, ಕರೆಂಟ್ ಬಿಲ್ ಕಟ್ಟಿದೆ. ಒತ್ತಿದ್ ತಕ್ಷಣ ಆಗೋಯ್ತು.”

“ಒಳ್ಳೇದಾಯ್ತಲ್ಲ ಮಾವ.”

“ಏನ್ ಒಳ್ಳೇದು? ಇಷ್ಟು ದಿನ ಒತ್ತಿದ ಮೇಲೆ ಅದು ಸುತ್ತುತಾ ಇರೋದು, ನಾನು ಅಷ್ಟರಲ್ಲಿ ಕನ್ನಡಕ ಹಾಕ್ಕೊಂಡು ಮೊತ್ತ ಇನ್ನೊಂದ್ಸಲ ಓದ್ಕೊಳೋನು. ಇವತ್ತು ಕನ್ನಡಕ ಕೈಲಿದ್ದ ಹಾಗೇ ದುಡ್ಡು ಹೋಯ್ತು. ಮೂವತ್ತೊಂದು ವರ್ಷ ಕೌಂಟರಲ್ಲಿ ಕೂತಿದ್ದೀನಿ. ಅಷ್ಟು ಬೇಗ ಮುಂದಕ್ಕೆ ಹೋದ ಕಾಗದ ಯಾವುದೂ ಸರಿಯಿರಲಿಲ್ಲ. ಏನೋ ಮೋಸ ಇದೆ, ನಿಮ್ಮೋರಿಗೆ ಹೇಳಿ ನೋಡ್ಸಿ.”

ಮಾವನ ಹೆಸರೂ ಆ ಎರಡು ಅಕ್ಷರಗಳಿಂದಲೇ ಶುರುವಾಗುತ್ತದೆಂದು ನನಗೆ ಆಗ ಹೊಳೆಯಿತು. ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ.

“ಏನು ಮಾಡಿಸಲಿ ಮಾವ?”

“ಮೊದಲಿನ ಹಾಗೇ ಮಾಡ್ಸಿ. ಸ್ವಲ್ಪ ಹೊತ್ತು ತಗೊಳ್ಳಲಿ.”

ಎಷ್ಟು ಹೊತ್ತು ಎಂದು ಕೇಳಿದೆ, ಅಂದಾಜು ಪಟ್ಟಿಗೆ ಬೇಕಿತ್ತು. ಉತ್ತರ ಬರುವಷ್ಟರಲ್ಲಿ ಲೈನು ಕಟ್ಟಾಯಿತು. ಮತ್ತೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಇನ್ನೊಮ್ಮೆ ಮಾಡಿದೆ, ಅದೇ ಹೆಂಗಸು, ಅದೇ ಮಾತು. ಮೂರನೆಯದನ್ನು ನಾಳೆಗೆ ಇಟ್ಟುಕೊಂಡಿದ್ದೇನೆ.